ಹ್ವೆ ನಗರದ ತಿಯೆನ್ ಮು ಪಗೋಡಕ್ಕೆ ಅರ್ಧ ಗಂಟೆ ಸಾಕೇ?

ಪ್ರಶ್ನೆ (ದಾವಣಗೆರೆಯಿಂದ): ಬರುವ ನವೆಂಬರ್‌ನಲ್ಲಿ ವಿಯೆಟ್ನಾಂಗೆ ಹೊರಟಿದ್ದೇವೆ. ಪ್ರವಾಸದ ಏರ್ಪಾಡು ಮಾಡಿದವರು ಹ್ವೆ ನಗರದ ತಿಯೆನ್ ಮು ಪಗೋಡಕ್ಕೆ ದೋಣಿ ವಿಹಾರದ ನಡುವೆ ಅರ್ಧ ಗಂಟೆಯನ್ನಷ್ಟೇ ಇಟ್ಟಿದ್ದಾರೆ. ಅಷ್ಟು ಸಾಕಾಗುತ್ತದೆಯೇ? ಜೊತೆಗೆ ಬರುವ ನನ್ನ ತಾಯಿಗೆ ಮಂಡಿನೋವಿದೆ. ಮೊಟ್ಟೆಯನ್ನೂ ಮುಟ್ಟದ ಶಾಕಾಹಾರಿ ಅವರು. ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರಿನಿಂದ): ಅರ್ಧ ಗಂಟೆ ಖಂಡಿತ ಸಾಲದು. ಅಷ್ಟೇ ಸಮಯವಿದ್ದವರು ಮುಂಭಾಗದ ಎಂಟು ಮೂಲೆಗಳ, ಏಳು ಅಂತಸ್ತಿನ ಗೋಪುರದ ಎದುರು ಚಿತ್ರ ತೆಗೆಸಿಕೊಂಡು, ಅದೇ ಪಗೋಡವೆಂದು ತಿಳಿದು ದೋಣಿಗೆ ಮರಳುತ್ತಾರೆ. 21 ಮೀಟರ್ ಎತ್ತರದ ಆ ಫುವೊಕ್ ಝುಯೆನ್ ಗೋಪುರವನ್ನು ಕಟ್ಟಿಸಿದವನು ತಿಯೆವ್ ಚಿ ಚಕ್ರವರ್ತಿ, ಅದೂ 1844ರಲ್ಲಿ. ಆದರೆ ನ್ಗುಯೆನ್ ಹೊವಾಂಗ್ ಎಂಬ ಪ್ರಭು ಈ ಗುಡ್ಡದ ಮೇಲೆ ಬೌದ್ಧ ವಿಹಾರವನ್ನು (ಪಗೋಡವೆಂದರೆ ಈ ಇಡೀ ವಿಹಾರವೇ) ಸ್ಥಾಪಿಸಿದ್ದು 1601ರಲ್ಲಿ. ಅಂದರೆ ಎಲ್ಲರೂ ನೋಡಲು ಬರುವ ಗೋಪುರವೇ ಅಲ್ಲಿ ಬಹಳ ತಡವಾಗಿ ಬಂದದ್ದು. ಗೋಪುರದ ಇಕ್ಕೆಲದ ಮಂಟಪಗಳನ್ನು ಬಿಡಬೇಡಿ: ಒಂದರಲ್ಲಿ 1710ರಲ್ಲಿ ಎರಕ ಹೊಯ್ದ, ಎರಡು ಸಾವಿರ ಕಿಲೋಗೂ ಹೆಚ್ಚು ತೂಕದ ಘಂಟೆಯಿದ್ದರೆ, ಮತ್ತೊಂದರಲ್ಲಿ ಅಮೃತಶಿಲೆಯ ಆಮೆಯ ಬೆನ್ನ ಮೇಲೆ ನಿಲ್ಲಿಸಿದ 1715ರ ಶಾಸನವಿದೆ. ನಮ್ಮ ಕಡೆಯ ವೀರಗಲ್ಲು, ದಾನಶಾಸನಗಳನ್ನು ನೋಡಿ ಬೆಳೆದವರಿಗೆ ಆಮೆ ಹೊತ್ತ ಶಾಸನದ ಎದುರು ಸ್ವಲ್ಪ ಹೊತ್ತು ನಿಲ್ಲಬೇಕೆನಿಸುವುದು ಸಹಜ. ಘಂಟೆಯನ್ನು ಮಾತ್ರ ಮುಟ್ಟಿ ಬಾರಿಸಲು ಹೋಗಬಾರದು.

ಅಲ್ಲಿಂದ ದ್ವಾರಪಾಲಕರಿರುವ ಬಾಗಿಲನ್ನು ದಾಟಿದರೆ ದಾಯ್ ಹುಂಗ್ ಸಭಾಮಂದಿರ ಸಿಗುತ್ತದೆ. 1904ರ ಚಂಡಮಾರುತದಲ್ಲಿ ಆವರಣದ ಕಟ್ಟಡಗಳಿಗೆ ತೀವ್ರ ಹಾನಿಯಾಗಿ, ಮತ್ತೆ ದುರಸ್ತಿ ನಡೆದದ್ದರಿಂದ, ಎಲ್ಲವೂ ನಾಲ್ಕು ಶತಮಾನಗಳಷ್ಟು ಹಳೆಯದೆಂದು ಭಾವಿಸುವುದು ಬೇಡ. ಮಂದಿರದೊಳಗೆ ಹೊಟ್ಟೆ ಬಿಟ್ಟುಕೊಂಡು ನಗುವ, ಮುಂದೆ ಬರಲಿರುವ ಬುದ್ಧನೆಂದು ನಂಬುವ ಮೈತ್ರೇಯನ ಕಂಚಿನ ಮೂರ್ತಿಯಿದೆ. ಧ್ಯಾನಮಗ್ನ ಬುದ್ಧನನ್ನೇ ನಿರೀಕ್ಷಿಸಿ ಬರುವ ನಮ್ಮವರಿಗೆ ಅದು ಒಂದು ಅಚ್ಚರಿಯೇ.

ಉತ್ತರ (ಹುಬ್ಬಳ್ಳಿಯಿಂದ): ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸುವುದು ಒಂದೇ: ಮಂದಿರದ ಹಿಂಭಾಗಕ್ಕೆ ಹೋಗದೆ ಮರಳಬೇಡಿ. ಅಲ್ಲಿ ನೀಲಿ ಬಣ್ಣದ ಒಂದು ಹಳೆಯ ಆಸ್ಟಿನ್ ಕಾರನ್ನು ಕಾಪಾಡಿಟ್ಟಿದ್ದಾರೆ. ಎನ್‌ಗೋ ದಿನ್ ಝಿಯೆಮ್ ಅಧ್ಯಕ್ಷನಾಗಿದ್ದ ಅಂದಿನ ದಕ್ಷಿಣ ವಿಯೆಟ್ನಾಂ ಸರ್ಕಾರವು ಬೌದ್ಧರ ವಿರುದ್ಧ ತೋರಿದ ತಾರತಮ್ಯವನ್ನು ಪ್ರತಿಭಟಿಸಿ, 1963ರ ಜೂನ್ 11ರಂದು ಭಿಕ್ಷು ತಿಕ್ ಕ್ವಾಂಗ್ ದುಕ್ ಅವರು ಸೈಗಾನ್‌ನ ರಸ್ತೆಗಳು ಕೂಡುವ ಜಾಗವೊಂದರಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟರು. ಅವರು ಆ ಸ್ಥಳಕ್ಕೆ ಬಂದಿಳಿದದ್ದು ಈ ಕಾರಿನಿಂದ. ಸೈಗಾನ್‌ನ ಕಾರು ಹ್ವೆಯಲ್ಲೇಕೆ ಎಂದು ತಾಯಿಯವರು ಕೇಳಿದರೆ, ಆ ಸಂಘರ್ಷಕ್ಕೆ ಕಿಡಿ ಹೊತ್ತಿದ್ದೇ ಹ್ವೆಯಲ್ಲಿ ಎಂದು ಹೇಳಬಹುದು: ಅದೇ ವರ್ಷ ಮೇ ತಿಂಗಳಲ್ಲಿ, ಬುದ್ಧಜಯಂತಿಗೆ ಬೌದ್ಧ ಧ್ವಜವನ್ನು ಹಾರಿಸಲು ಬಿಡದಿದ್ದಾಗ ಎದ್ದ ಪ್ರತಿಭಟನೆಯಲ್ಲಿ ಸಾವುಗಳಾಗಿದ್ದವು. ಕಾರಿನ ಹಿಂದೆ ಆ ದಿನದ ಚಿತ್ರವನ್ನೂ ಇಟ್ಟಿರುವುದರಿಂದ, ಚಿಕ್ಕ ಮಕ್ಕಳು ಜೊತೆಗಿದ್ದರೆ ಮೊದಲೇ ವಿವರಿಸಿರುವುದು ಒಳ್ಳೆಯದು. ಜನ ಅದರ ಮುಂದೆ ನಗುತ್ತಾ ಚಿತ್ರ ತೆಗೆಸಿಕೊಳ್ಳುವುದನ್ನು ಕಂಡೆ, ನನಗದು ಸರಿಯೆನಿಸಲಿಲ್ಲ. ಇನ್ನೂ ಹಿಂದಕ್ಕೆ ನಡೆದರೆ ಪೈನ್ ಮರಗಳ ನಡುವೆ ಹಿರಿಯ ಗುರು ತಿಕ್ ದೋನ್ ಹೌ ಅವರ ಸಮಾಧಿ ಸ್ತೂಪವಿದೆ, ಅಲ್ಲಿಯವರೆಗೆ ಬರುವವರು ಕಡಿಮೆ.

ಉತ್ತರ (ಸಿಂಗಪುರದಿಂದ): ಊಟದ ಚಿಂತೆ ಬೇಡ, ಆದರೆ ಎಚ್ಚರವಿರಲಿ. ತರಕಾರಿ ಪದಾರ್ಥವೆಂದು ಕೊಟ್ಟದ್ದರಲ್ಲೂ ಮೀನಿನ ಸಾಸ್ ಬಿದ್ದಿರುತ್ತದೆ. ‘ಚಾಯ್’ (chay; ನಮ್ಮ ಚಹಾ ಅಲ್ಲ, ಅಲ್ಲಿನ ಭಾಷೆಯಲ್ಲಿ ಶಾಕಾಹಾರವೆಂದರ್ಥ) ಎಂಬ ಫಲಕವಿರುವ ಊಟದ ಮನೆಗಳು ಮಾತ್ರ ಪೂರ್ತಿ ಶಾಕಾಹಾರಿ. ಬೌದ್ಧ ಆಚರಣೆ ಗಟ್ಟಿಯಾಗಿರುವ ಹ್ವೆಯಲ್ಲಿ ಅಂಥವು ಸುಲಭವಾಗಿ ಸಿಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ ಸ್ಥಳೀಯರೂ ಮಾಂಸ ಬಿಡುವುದರಿಂದ ಅಲ್ಲಿ ಜನಸಂದಣಿ ಹೆಚ್ಚು.

ಉತ್ತರ (ಉಡುಪಿಯಿಂದ): ದೋಣಿಯಲ್ಲಿ ಹೋಗುವುದು ಚೆಂದವೇ, ಸುಗಂಧ ನದಿಯ ಮೇಲಿನಿಂದ ಆ ಗೋಪುರವು ಮೆಲ್ಲಗೆ ಹತ್ತಿರವಾಗುವುದನ್ನು ನೋಡುವ ಸುಖವೇ ಬೇರೆ. ಆದರೆ ನೀವು ಹೋಗುವ ತಿಂಗಳೇ ತೊಂದರೆ. ಹ್ವೆಯಲ್ಲಿ ಅಕ್ಟೋಬರ್, ನವೆಂಬರ್ ಎಂದರೆ ನಮ್ಮ ಕರಾವಳಿಯ ಆಷಾಢದಂತೆ, ಸುರಿಯಲು ಆರಂಭಿಸಿದರೆ ಬಿಡುವುದಿಲ್ಲ. ನದಿ ಉಕ್ಕಿದರೆ ದೋಣಿಗಳೂ ನಿಲ್ಲುತ್ತವೆ. ಪ್ರವಾಸವನ್ನು ಫೆಬ್ರವರಿ ಅಥವಾ ಮಾರ್ಚ್‌ಗೆ ಮುಂದೂಡಲು ಸಾಧ್ಯವಿದ್ದರೆ ಮುಂದೂಡಿ. ಇಲ್ಲದಿದ್ದರೆ ಪಗೋಡವು ಊರ ನಡುವಿನಿಂದ ನಾಲ್ಕೈದು ಕಿಲೋಮೀಟರ್ ದೂರವಷ್ಟೇ ಇರುವುದರಿಂದ, ದೋಣಿಯನ್ನು ನಂಬದೆ ಬೆಳಿಗ್ಗೆ ಬೇಗ ಟ್ಯಾಕ್ಸಿಯಲ್ಲಿ ಹೋಗಿ. ಪ್ರವೇಶ ಶುಲ್ಕವಿಲ್ಲ. ರಸ್ತೆಯಿಂದ ಗೋಪುರದ ಜಗಲಿಗೆ ಮೆಟ್ಟಿಲುಗಳಿವೆ. ದೋಣಿಯಲ್ಲಿ ಬಂದರೆ ದಡದಲ್ಲಿ ಇಳಿದು ಹತ್ತುವ ಶ್ರಮವೂ ಅದಕ್ಕೆ ಸೇರುತ್ತದೆ. ಆದ್ದರಿಂದ ಮಂಡಿನೋವಿರುವ ಅಮ್ಮನಿಗೆ ಟ್ಯಾಕ್ಸಿಯೇ ಅನುಕೂಲ; ಜಗಲಿ ತಲುಪಿದ ಮೇಲೆ ಕುಳಿತು ಸುಧಾರಿಸಿಕೊಂಡು ಒಳಗೆ ಹೋಗಲಿ. ಭುಜ, ಮಂಡಿ ಮುಚ್ಚುವ ಉಡುಪು ಬೇಕು, ಸೀರೆಯಂತೂ ಸರಿಯೇ. ಮಂದಿರದೊಳಗೆ ಪಾದರಕ್ಷೆ ಬಿಡಬೇಕಾದ್ದರಿಂದ, ಮಳೆಯಲ್ಲೂ ಜಾರದ, ಬಗ್ಗದೆ ಕಳಚಬಹುದಾದ ಚಪ್ಪಲಿಯನ್ನು ಅವರಿಗೆ ಕೊಡಿಸಿ, ಒಂದೂವರೆ ಗಂಟೆಯನ್ನಾದರೂ ಇಟ್ಟುಕೊಳ್ಳಿ.