ಪದ ಬೇಕು: ಚಿತ್ರದಲ್ಲಿ ನಕ್ಷತ್ರದ ಸುತ್ತ ಬರುವ ಇಲ್ಲದ ಉಂಗುರಕ್ಕೆ

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಶನಿವಾರ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಬರಹ ಕೊಡಬೇಕು.

ನಮ್ಮೂರ ಶಾಲೆಯ ವಿಜ್ಞಾನ ಮೇಳದಲ್ಲಿ ನಾನು ತೆಗೆದ ಆರು ಆಕಾಶಚಿತ್ರ ಇಡುತ್ತಿದ್ದೇವೆ. ಐದಕ್ಕೆ ಅಡಿಬರಹ ಆಯಿತು. ಆರನೆಯದು ಕುಂತಿ (ಕ್ಯಾಸಿಯೋಪಿಯಾ) ನಕ್ಷತ್ರಪುಂಜದ್ದು. ಅದರ ನಟ್ಟನಡುವಿನ ಗಾಮಾ ನಕ್ಷತ್ರ, ಪಕ್ಕದಲ್ಲಿ ಐಸಿ 63 ಮತ್ತು ಐಸಿ 59 ಎಂಬ ನೀಹಾರಿಕೆಗಳು, ಅಂದರೆ ಅನಿಲ ಮತ್ತು ಧೂಳಿನ ಮೋಡಗಳು. ನಕ್ಷತ್ರ ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತದೆ. ನೀಹಾರಿಕೆಗಳು ತೀರಾ ಮಂಕು. ನಕ್ಷತ್ರಕ್ಕೂ ಐಸಿ 63ಕ್ಕೂ ನಡುವೆ ಹುಣ್ಣಿಮೆ ಚಂದ್ರನ ಅಗಲದಷ್ಟೂ ಜಾಗ ಇಲ್ಲ. ಹೈಡ್ರೋಜನ್ನಿನ ಕೆಂಪನ್ನು ಮಾತ್ರ ಬಿಡುವ ಫಿಲ್ಟರ್ ಹಾಕಿದರೂ ಈ ನಕ್ಷತ್ರ ಬಗ್ಗುವುದಿಲ್ಲ. ಅದೇ ಕೆಂಪನ್ನು ತಾನೂ ಸೂಸುತ್ತದೆ. 1866ರಲ್ಲೇ ಇಟಲಿಯ ಖಗೋಳಜ್ಞ ಸೆಕ್ಕಿ ಇದನ್ನು ಗುರುತಿಸಿದ್ದರು.

ತಲಾ 3 ನಿಮಿಷದ 80 ಚಿತ್ರ ತೆಗೆದು ಒಂದರ ಮೇಲೊಂದು ಜೋಡಿಸಿದೆ. ನೀಹಾರಿಕೆ ಬಂತು. ಜೊತೆಗೆ ನಕ್ಷತ್ರದ ಸುತ್ತ ದೊಡ್ಡದೊಂದು ಮಸುಕು ಉಂಗುರವೂ ಬಂತು, ಉದ್ದಿನ ವಡೆಯ ಹಾಗೆ.

ಈ ಉಂಗುರ ಆಕಾಶದಲ್ಲಿ ಇಲ್ಲ. ನಕ್ಷತ್ರದ ಬೆಳಕು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲಿನ ಗಾಜಿಗೆ ಬಡಿದು ಹಿಂದಕ್ಕೆ ಚಿಮ್ಮುತ್ತದೆ. ಫಿಲ್ಟರ್‌ಗೆ ತಾಗಿ ಮತ್ತೆ ಸೆನ್ಸರ್ ಮೇಲೆ ಬೀಳುತ್ತದೆ. ಅಷ್ಟರಲ್ಲಿ ಫೋಕಸ್ ತಪ್ಪಿ ಹರಡಿರುತ್ತದೆ. ನನ್ನದು ಕನ್ನಡಿಯ ದೂರದರ್ಶಕ. ಕೊಳವೆಯ ಬಾಯಿಯ ಹತ್ತಿರ ಇರುವ ಸಣ್ಣ ಕನ್ನಡಿಯ ನೆರಳೇ ಆ ನಡುವಿನ ತೂತು. ಫಿಲ್ಟರನ್ನು ಸೆನ್ಸರ್‌ನಿಂದ ಸ್ವಲ್ಪ ದೂರ ಇಟ್ಟು ನೋಡಿದೆ, ಉಂಗುರ ದೊಡ್ಡದಾಯಿತು. ಆಕಾಶದ್ದೇ ಆಗಿದ್ದರೆ ಹಾಗಾಗುತ್ತಿತ್ತಾ?

ಕಂಪ್ಯೂಟರಿನಲ್ಲಿ ಅಳಿಸಬಹುದು. ಅಳಿಸಲು ಮನಸ್ಸಿಲ್ಲ. ಚಿತ್ರ ಹೇಗೆ ಹುಟ್ಟುತ್ತದೆ ಅನ್ನುವುದನ್ನೂ ಮಕ್ಕಳು ನೋಡಲಿ. ಒಂದು ಬಾಣ, ಒಂದೇ ಪದಕ್ಕೆ ಜಾಗ ಇದೆ. ಇದು ಗಾಜಿನ ಕೆಲಸ, ನಕ್ಷತ್ರದ್ದಲ್ಲ ಅಂತ ಆ ಪದವೇ ಹೇಳಬೇಕು.

*

ಪ್ರಭಾವಳಿ. ಇರುವ ಪದ ಬಿಟ್ಟು ಹುಡುಕುವುದು ಯಾಕೆ?

*

> ಪ್ರಭಾವಳಿ

ಬೇಡ. ದೇವರ ವಿಗ್ರಹದ ಹಿಂದೆ ಕಮಾನಾಗಿ ನಿಲ್ಲುವುದು ಪ್ರಭಾವಳಿ. ಅದು ದೇವರದ್ದೇ ಕಾಂತಿ ಅಂತ ಅರ್ಥ. ಅವರು ಕೇಳಿದ್ದಕ್ಕೆ ಪೂರ್ತಿ ಉಲ್ಟಾ. ಯಾರಾದರೂ ಹೇಳುವ ಮುಂಚೆ ನಾನೇ ಹೇಳುತ್ತೇನೆ, ಪರಿವೇಷವೂ ಬೇಡ. ಸೂರ್ಯಚಂದ್ರರ ಸುತ್ತ ಮೋಡದ ಹಿಮಹರಳುಗಳಿಂದ ಆಗುವುದು ಅದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ. ಅದು ಮೇಲೆ ನಿಜವಾಗಿ ಆಗುವಂಥದ್ದು.

ನನ್ನ ಪದ ಕಣ. ಗ್ರೀಕರ ಹಲೋಸ್ ಅಂದರೆ ತೆನೆ ಒಕ್ಕುವ ಕಣ. ಬೆಳಕಿನ ಉಂಗುರಕ್ಕೆ ಇಂಗ್ಲಿಷಿನಲ್ಲಿ ಅನ್ನುವ ಹಾಲೋ ಬಂದದ್ದು ಅಲ್ಲಿಂದ. ಮರಾಠಿಯವರು ಇವತ್ತಿಗೂ ಚಂದ್ರನ ಸುತ್ತಿನ ಉಂಗುರಕ್ಕೆ ಖಳೆ ಅನ್ನುತ್ತಾರೆ, ಅದೂ ಕಣವೇ. ನಾನು ಚಿಕ್ಕವನಿದ್ದಾಗ ಮೇಟಿಗೆ, ಅಂದರೆ ಕಣದ ನಡುವಿನ ಕಂಬಕ್ಕೆ, ಕಟ್ಟಿದ ಎತ್ತುಗಳ ಹಿಂದೆ ಸುತ್ತಿದವನು. ಎತ್ತು ತುಳಿದ ದಾರಿ ದುಂಡಗೆ ಬೀಳುತ್ತಿತ್ತು. ಮೇಟಿಯ ಬುಡದಲ್ಲಿ ಒಂದಿಷ್ಟು ಹುಲ್ಲು ತುಳಿತ ಕಾಣದೆ ಉಳಿಯುತ್ತಿತ್ತು. ನಕ್ಷತ್ರವೇ ಮೇಟಿ. ನೀವು ಹೇಳುವ ತೂತು ಆ ಉಳಿದ ಜಾಗ. ಇದಕ್ಕಿಂತ ಒಪ್ಪುವ ಪದ ಸಿಗಲಾರದು.

*

ಕಣ ಅಂದರೆ ಈಗಿನ ಮಕ್ಕಳಿಗೆ ಧೂಳಿನ ಕಣ. ದೊಡ್ಡವರಿಗೆ ಚುನಾವಣಾ ಕಣ. ಬಾಣ ಹಾಕಿ ಕಣ ಅಂತ ಬರೆದರೆ ಲೆನ್ಸಿನ ಮೇಲೆ ಧೂಳು ಕೂತಿದೆ ಅಂದುಕೊಳ್ಳುತ್ತಾರೆ.

ಸುಮ್ನೆ ಹಾಲೋ ಅಂತ ಬರೆಯಿರಿ. ಫಿಲ್ಟರ್, ಸೆನ್ಸರ್, ಫೋಕಸ್ ಎಲ್ಲ ಹಾಗೇ ಇಟ್ಟುಕೊಂಡು ಇದೊಂದಕ್ಕೆ ಯಾಕೆ ಇಷ್ಟು ಒದ್ದಾಟ?

*

> ಸುಮ್ನೆ ಹಾಲೋ ಅಂತ ಬರೆಯಿರಿ

ಒಪ್ಪುವುದಿಲ್ಲ. ಫಿಲ್ಟರ್ ಅಂಗಡಿಯಿಂದ ತಂದ ವಸ್ತು, ಹೆಸರನ್ನು ಜೊತೆಗೇ ತಂದಿತು. ದುಂಡಗೆ ಸುತ್ತಿಕೊಂಡಿರುವ ಆಕಾರವನ್ನು ನಾವು ಯಾರಿಂದಲೂ ಕೊಂಡಿಲ್ಲ. ಅದಕ್ಕೆ ಬಳೆ ಇದೆ. ತಮಿಳಿನ ವಳೈ, ಮಲಯಾಳದ ವಳ, ನಮ್ಮ ಬಳೆ, ಮೂರಕ್ಕೂ ಬೇರು ಒಂದೇ. ಬಳಸು ಕೂಡ ಅದೇ ಬೇರಿನದು. ಬಳಸು ಅಂದರೆ ಮೊದಲು ಸುತ್ತುವರಿ ಅಂತಲೇ ಇತ್ತು. ಬಳಸುದಾರಿ, ಸುತ್ತಿ ಬಳಸಿ ಅನ್ನುವಾಗ ಆ ಅರ್ಥ ಇನ್ನೂ ಉಸಿರಾಡುತ್ತಿದೆ. ಕೈಯನ್ನು ಬಳಸಿದ್ದು ಬಳೆ, ನಕ್ಷತ್ರವನ್ನು ಬಳಸಿದ್ದೂ ಬಳೆ.

ನಮಗೆ ನಮ್ಮ ಪದ ಅಂದರೆ ಹಿಂಜರಿಕೆ ಜಾಸ್ತಿ. 2019ರ ಡಿಸೆಂಬರ್ 26ರಂದು ಮಂಗಳೂರಲ್ಲಿ, ಕೊಡಗಲ್ಲಿ ಜನ ಬೀದಿಗೆ ಬಂದು ನೋಡಿದ್ದು ಕಂಕಣ ಗ್ರಹಣ. ಬಳೆಗ್ರಹಣ ಅಂದಿದ್ದರೆ ಸೂರ್ಯ ಮುನಿಯುತ್ತಿದ್ದನಾ? ನೀಹಾರಿಕೆಯೂ ಅಷ್ಟೇ. ನೀಹಾರ ಅಂದರೆ ಮಂಜು. ಮಂಜು ನಮ್ಮಲ್ಲಿ ಇರಲಿಲ್ವಾ?

*

ನೀಹಾರಿಕೆಯ ತಂಟೆಗೆ ಹೋಗಬೇಡಿ. ಶಾಲೆಯಲ್ಲಿ ಆ ಪದ ಕೇಳಿದ ದಿನ ನನಗೆ ಆಕಾಶದ ಮೇಲೆ ಆಸೆ ಹುಟ್ಟಿತು. ಅದು ಎಲ್ಲಿಂದ ಬಂತು ಅಂತ ಆಗ ಯಾರನ್ನೂ ಕೇಳಲಿಲ್ಲ, ಈಗಲೂ ಕೇಳಬೇಕು ಅನ್ನಿಸುವುದಿಲ್ಲ. ಬಾಯಿಗೆ ಹತ್ತಿದ ಪದ ನಮ್ಮದೇ.

ಬಳೆಗೆ ನನ್ನ ಒಪ್ಪಿಗೆ ಅರ್ಧ. ಶನಿಯ ಬಳೆ ಅಂತ ಮಕ್ಕಳು ಓದಿರುತ್ತಾರೆ. ಅವು ನಿಜವಾದ ಬಳೆಗಳು, ಹಿಮದ ಚೂರುಗಳು. ಬರೀ ಬಳೆ ಅಂದರೆ ಗಾಮಾ ನಕ್ಷತ್ರಕ್ಕೂ ಅಂಥದ್ದೇ ಇದೆ ಅಂತ ಮನೆಗೆ ಹೋಗಿ ಹೇಳುತ್ತಾರೆ. ಮುಂದೆ ಹುಸಿ ಸೇರಿಸಿ. ಹುಸಿನಗು, ಹುಸಿಕೋಪ ಇದ್ದ ಹಾಗೆ ಹುಸಿಬಳೆ.

*

ಹುಸಿನಗುವಿನ ಹಿಂದೆ ನಗುವವರ ಉದ್ದೇಶ ಇರುತ್ತದೆ. ಗಾಜಿಗೆ ಏನು ಉದ್ದೇಶ? ಗಾಜುಬಳೆ ಅನ್ನಿ. ಹುಟ್ಟಿದ ಜಾಗವನ್ನೂ ಹೇಳಿದ ಹಾಗಾಯಿತು.

*

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಜಗಳಕ್ಕೂ ಸೇರಿಸಿ.

ಪಕ್ಕದ ಮನೆಯ ಹುಡುಗಿ ಐದನೇ ಕ್ಲಾಸು. ಅವಳಿಗೆ ಚಿತ್ರ ತೋರಿಸಿ ಒಂದೊಂದೇ ಪದ ಹೇಳಿದೆ. ಹಾಲೋ ಅಂದಾಗ ಫೋನ್ ಬಂತಾ ಅಂತ ತಿರುಗಿದಳು. ಕಣ ಅಂದಾಗ ಬೇರೆ ಒಂದು ಚಿಕ್ಕ ಚುಕ್ಕೆ ತೋರಿಸಿದಳು. ಗಾಜುಬಳೆ ಅಂದಾಗ ತನ್ನ ಕೈ ನೋಡಿಕೊಂಡಳು. ಹುಸಿಬಳೆ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಿಜವಾದ್ದು ಯಾವ್ದು ಅಂಕಲ್?" ಅಂದಳು.

ನನಗೆ ಬೇಕಾಗಿದ್ದದ್ದು ಆ ಪ್ರಶ್ನೆಯೇ. ಐಸಿ 63ರ ಕೆಂಪು ಅಂಚಿನ ಮೇಲೆ ಬೆರಳಿಟ್ಟು ತೋರಿಸಿದೆ. ಆ ಅನಿಲ ಹೊಳೆಯುವುದು ಇದೇ ನಕ್ಷತ್ರದ ಬೆಳಕಿಂದ ಅಂತ ಹೇಳಿದೆ. ಪ್ರಭಾವಳಿ ಸೂಚಿಸಿದವರಿಗೆ ಒಂದು ಮಾತು: ನಿಮ್ಮ ಪದ ಉಂಗುರಕ್ಕೆ ಸಲ್ಲಲಿಲ್ಲ, ಈ ಕೆಂಪಿಗೆ ಸಲ್ಲುತ್ತದೆ. ಅಡಿಬರಹದಲ್ಲಿ ಸೇರಿಸಿದ್ದೇನೆ.

ಅಂಗಡಿಗೆ ಕಳಿಸಿದ್ದು ಹೀಗಿದೆ. ಬಾಣದ ಪಕ್ಕ: ಹುಸಿಬಳೆ. ಕೆಳಗೆ: "ದುಂಡಗಿನ ಮಸುಕು ಉಂಗುರ ಕ್ಯಾಮೆರಾದೊಳಗಿನ ಗಾಜು ಮಾಡಿದ್ದು. ಪಕ್ಕದ ಕೆಂಪು ಮೋಡ ನಕ್ಷತ್ರದ ನಿಜವಾದ ಪ್ರಭಾವಳಿ."

ನಕ್ಷತ್ರದಿಂದ ನಾಲ್ಕು ಕಡೆಗೆ ಚಾಚಿರುವ ಗೆರೆಗಳೂ ಇವೆ, ಸಣ್ಣ ಕನ್ನಡಿಯನ್ನು ಹಿಡಿದಿರುವ ಪಟ್ಟಿಗಳಿಂದ ಆದವು. ಅವಕ್ಕೆ ಸದ್ಯ ಮುಳ್ಳು ಅಂತ ಬರೆದಿದ್ದೇನೆ. ಬೇರೆ ಪದ ಹೊಳೆದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.