ಹೊಸ ದವಡೆ ಹಲ್ಲು ಬರುವಾಗಲೇ ಹಳದಿ, ಈಗ ಉದುರುತ್ತಿದೆ: ಮಕ್ಕಳ ದಂತವೈದ್ಯರಿಗೆ ಪ್ರಶ್ನೆ

ಪ್ರಶ್ನೆ – ತುಮಕೂರಿನಿಂದ ಒಬ್ಬ ತಾಯಿ

ನಮಸ್ಕಾರ ಮೇಡಂ. ನನ್ನ ಮಗನಿಗೆ ಏಳೂವರೆ ವರ್ಷ. ಕೆಳಗೆ ಎಡಗಡೆ ಕೊನೆಯ ದವಡೆ ಹಲ್ಲು ಬರುವಾಗಲೇ ಹಳದಿಯಾಗಿತ್ತು. ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ ಅಂತ ಸುಮ್ಮನಿದ್ದೆವು. ಹೋದ ತಿಂಗಳು ಚಪಾತಿ ತಿನ್ನುವಾಗ ಅದರ ಒಂದು ಮೂಲೆ ಉದುರಿ ಬಂತು. ಈಗ ತಣ್ಣೀರು ಕುಡಿದರೆ ಕೆನ್ನೆ ಹಿಡಿದುಕೊಳ್ಳುತ್ತಾನೆ. ಆ ಕಡೆ ಬ್ರಷ್ ಮುಟ್ಟಿಸಲು ಬಿಡುವುದಿಲ್ಲ. ಬಾಯಿಯ ಮುಂಭಾಗದ ಒಂದು ಹಲ್ಲಿನ ಮೇಲೂ ಕೆನೆ ಬಣ್ಣದ ಮಚ್ಚೆ ಇದೆ. ತೋರಿಸಿದ ಕಡೆ "ಚಾಕಲೇಟ್ ಕೊಟ್ಟು ಹಾಳು ಮಾಡಿದ್ದೀರಿ" ಎಂದು ಬೈದು ಕಳಿಸಿದರು. ನಾನು ಬಸುರಿಯಲ್ಲಿ ಕ್ಯಾಲ್ಸಿಯಂ ಮಾತ್ರೆ ಸರಿಯಾಗಿ ನುಂಗಲಿಲ್ಲ, ಅದಕ್ಕೇ ಹೀಗೆ ಅನ್ನುವುದು ಅತ್ತೆಯವರ ಮಾತು. ಏನು ಮಾಡಲಿ?

ಉತ್ತರ – ಮಕ್ಕಳ ದಂತವೈದ್ಯೆ

ಮೊದಲು ಈ ಬೈಗುಳದ ಲೆಕ್ಕ ಮುಗಿಸಿಬಿಡೋಣ. ಹಲ್ಲು ಬರುವಾಗಲೇ ಹಳದಿಯಾಗಿತ್ತು ಎಂದಿರಲ್ಲ, ಅಲ್ಲೇ ಉತ್ತರ ಇದೆ. ಬಾಯಿಗೇ ಬರದ ಹಲ್ಲನ್ನು ಚಾಕಲೇಟ್ ಹೇಗೆ ಕೆಡಿಸುತ್ತದೆ? ಹಲ್ಲನ್ನು ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನೀವು ವಿವರಿಸಿದ್ದು ಎಂಐಎಚ್ ಎನ್ನುವ ತೊಂದರೆಗೆ ಚೆನ್ನಾಗಿ ಹೊಂದುತ್ತದೆ. ಪೂರ್ತಿ ಹೆಸರು ಮೋಲಾರ್ ಇನ್ಸೈಸರ್ ಹೈಪೋಮಿನರಲೈಸೇಶನ್, ಅಂದರೆ ದವಡೆ ಹಲ್ಲು ಮತ್ತು ಮುಂಭಾಗದ ಹಲ್ಲುಗಳಲ್ಲಿ ಖನಿಜ ಕಡಿಮೆ ಇರುವುದು. 2001ರಲ್ಲಿ ಇಟ್ಟ ಹೆಸರು ಇದು. ಪ್ರಪಂಚದಲ್ಲಿ ನೂರು ಮಕ್ಕಳಲ್ಲಿ 13ರ ಆಸುಪಾಸು ಮಕ್ಕಳಿಗೆ ಇದು ಇರುತ್ತದೆ.

ಇನ್ನೊಂದು ವಿಷಯ. ಅದು ಹಾಲುಹಲ್ಲಲ್ಲ, ಜೀವನಪೂರ್ತಿ ಇರಬೇಕಾದ ಹಲ್ಲು. ಆರನೇ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಹೊಸದಾಗಿ ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಇದು ಬಂದದ್ದೇ ಗೊತ್ತಾಗುವುದಿಲ್ಲ.

ಈ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ತಯಾರಾಗುವುದು ಮಗು ಹುಟ್ಟುವ ಹೊತ್ತಿನಿಂದ ಸುಮಾರು ಮೂರು ವರ್ಷದವರೆಗೆ. ಆಗ ಏನೋ ಒಂದು ಅಡ್ಡಿಯಾದರೆ ಖನಿಜ ಸರಿಯಾಗಿ ತುಂಬುವುದಿಲ್ಲ. ಪದರ ದಪ್ಪವಾಗೇ ಇರುತ್ತದೆ, ಗಟ್ಟಿ ಇರುವುದಿಲ್ಲ. ಅರ್ಧ ಬೆಂದ ಇಟ್ಟಿಗೆ ನೋಡಿದ್ದೀರಲ್ವಾ? ಆಕಾರ ಸರಿ ಇರುತ್ತೆ, ಭಾರ ಬಿದ್ದಾಗ ಅಂಚು ಉದುರುತ್ತೆ. ಮೊದಲ ವರ್ಷಗಳ ಜ್ವರ, ಕಾಯಿಲೆ, ಹೆರಿಗೆಯ ಹೊತ್ತಿನ ತೊಂದರೆ, ವಂಶದ ಗುಣ, ಎಲ್ಲಕ್ಕೂ ನಂಟು ಕಂಡಿದೆ. ಇದೊಂದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ. ನಿಮ್ಮ ಮಾತ್ರೆಯ ಮೇಲೆ ಹೊರಿಸುವುದಂತೂ ಸರಿಯಲ್ಲ. ಅತ್ತೆಯವರಿಗೆ ಈ ಉತ್ತರವನ್ನೇ ಓದಿ ಹೇಳಿ.

ನನಗೆ ಹೆಚ್ಚು ಚಿಂತೆ ಅವನು ಬ್ರಷ್ ಬಿಟ್ಟಿರುವುದರ ಬಗ್ಗೆ. ನೋವು ಅಂತ ಮಗು ಆ ಕಡೆ ಉಜ್ಜುವುದಿಲ್ಲ. ಉಜ್ಜದ ಮೆತ್ತನೆ ಹಲ್ಲಿಗೆ ಹುಳುಕು ಬೇಗ ಹತ್ತುತ್ತದೆ. ಆಮೇಲೆ ನೋವು ಇನ್ನೂ ಜಾಸ್ತಿ. ಇವತ್ತಿನಿಂದ ಉಗುರುಬೆಚ್ಚಗಿನ ನೀರು ಕೊಡಿ, ಅರ್ಧ ಹಟ ಅಲ್ಲೇ ಇಳಿಯುತ್ತದೆ. ಮೆತ್ತನೆ ಬ್ರಷ್, ಬಟಾಣಿ ಕಾಳಿನಷ್ಟು ಪೇಸ್ಟ್. ಉಜ್ಜುವವರು ನೀವೇ ಆಗಿರಲಿ, ಅವನ ಹಿಂದೆ ನಿಂತು, ತಲೆ ನಿಮ್ಮ ಎದೆಗೆ ಒರಗಿಸಿಕೊಂಡು. ಹೊಸ ಹಲ್ಲು ಇನ್ನೂ ಪೂರ್ತಿ ಮೇಲೆ ಬರದಿದ್ದರೆ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ. ಆಗ ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ಹಾಕಬೇಕು. ನೇರ ಉಜ್ಜಿದರೆ ಅದರ ಮೇಲಿಂದ ಹಾದು ಹೋಗುತ್ತದೆ ಅಷ್ಟೇ. ರಾತ್ರಿ ಉಜ್ಜಿದ ಮೇಲೆ ಉಗುಳಿದರೆ ಸಾಕು, ಬಾಯಿ ಮುಕ್ಕಳಿಸುವುದು ಬೇಡ. ಪೇಸ್ಟಿನಲ್ಲಿರುವ, ಹಲ್ಲು ಗಟ್ಟಿ ಮಾಡುವ ಫ್ಲೋರೈಡ್ ಹಲ್ಲಿನ ಮೇಲೆ ನಿಲ್ಲಲಿ.

ಪೇಸ್ಟ್ ಡಬ್ಬಿಯ ಹಿಂದೆ ಫ್ಲೋರೈಡ್ ಎಷ್ಟಿದೆ ನೋಡಿ. ನಮ್ಮ ದೇಶದಲ್ಲಿ 1000 ಪಿಪಿಎಂ (ಹತ್ತು ಲಕ್ಷದಲ್ಲಿ 1000 ಭಾಗ) ಮೀರುವಂತಿಲ್ಲ. ಇವನಿಗೆ ಆ ಮಿತಿಯ ಹತ್ತಿರದ್ದೇ ಬೇಕು. ಕಾರ್ಟೂನ್ ಚಿತ್ರದ ಕೆಲವು ಮಕ್ಕಳ ಪೇಸ್ಟ್‌ಗಳಲ್ಲಿ ಫ್ಲೋರೈಡೇ ಇರುವುದಿಲ್ಲ. ಇದ್ದಿಲು, ಉಪ್ಪು, ಒರಟು ಹಲ್ಲುಪುಡಿ ಹತ್ತಿರ ತರಬೇಡಿ. ಲವಂಗದ ಎಣ್ಣೆ ಹಚ್ಚುತ್ತಿದ್ದರೆ ಅದನ್ನೂ ನಿಲ್ಲಿಸಿ, ಒಸಡು ಸುಡುತ್ತದೆ.

ಆದರೆ ಮನೆಯಲ್ಲಿ ಮಾಡುವುದಷ್ಟೇ ಸಾಲದು, ಮೂಲೆ ಮುರಿದಾಗಿದೆ. ಇದೇ ವಾರ ಮಕ್ಕಳ ದಂತವೈದ್ಯರಿಗೆ ತೋರಿಸಿ. ಈಗ ಮೊದಲು ಗ್ಲಾಸ್ ಅಯೊನೊಮರ್ ಎನ್ನುವ ಸಿಮೆಂಟ್ ಹಾಕಿ ಮುಚ್ಚಬಹುದು. ಜಾಸ್ತಿ ಉದುರಿದ್ದರೆ ಸ್ಟೀಲ್ ಕ್ಯಾಪ್. ನೋಡಲು ಚಂದ ಇಲ್ಲ, ನಿಜ. ಆದರೆ ಒಳಗಿರುವ ಹಲ್ಲು ಉಳಿಯುತ್ತದೆ. ಉಳಿದ ದವಡೆ ಹಲ್ಲುಗಳಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಶ್ ಬಳಿಸಿ. ಹಾಲಿನ ಪ್ರೋಟೀನಿನಿಂದ ಮಾಡಿದ ಒಂದು ಕ್ರೀಮ್ ಕೂಡ ಬರೆದುಕೊಡಬಹುದು. ಹಾಲು ಅಲರ್ಜಿ ಇದ್ದರೆ ಮುಂಚೆಯೇ ಹೇಳಿ. ಈ ಹಲ್ಲುಗಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೆಲವೊಮ್ಮೆ ಸರಿಯಾಗಿ ಹಿಡಿಯುವುದಿಲ್ಲ. ಮಗು "ಇನ್ನೂ ನೋಯ್ತಿದೆ" ಅಂದರೆ ನಾಟಕ ಎನ್ನಬೇಡಿ. ನಿಜವಾಗಿಯೂ ನೋಯುತ್ತಿರುತ್ತದೆ.

ಪ್ರಶ್ನೆ – ಪಾವಗಡದಿಂದ ಒಬ್ಬ ತಂದೆ

ಡಾಕ್ಟ್ರೇ, ನಮ್ಮ ಊರಿನ ಎಷ್ಟೋ ಮಕ್ಕಳ ಹಲ್ಲಿನಲ್ಲಿ ಬಿಳಿ ಗೆರೆ, ಕಂದು ಕಲೆ ಇದೆ. ಅದೂ ಇದೇನಾ? ಹಾಗಾದರೆ ಪೇಸ್ಟಿನ ಫ್ಲೋರೈಡ್ ನಮಗೆ ವಿಷ ಅಲ್ವಾ?

ಉತ್ತರ

ನಿಮ್ಮ ಕಡೆಯದು ಬಹುತೇಕ ಫ್ಲೋರೋಸಿಸ್, ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದು ಬರುವ ಕಲೆ. ನೋಡಿ ಗುರುತಿಸಬಹುದು. ಫ್ಲೋರೋಸಿಸ್ ಎಡ ಬಲ ಒಂದೇ ಥರ ಹಲವು ಹಲ್ಲುಗಳ ಮೇಲೆ ಹರಡಿರುತ್ತದೆ, ಅಂಚು ಮಸುಕು. ಎಂಐಎಚ್ ಮಚ್ಚೆಗೆ ಗಡಿ ಸ್ಪಷ್ಟ. ಒಂದು ದವಡೆ ಹಲ್ಲು ಕೆಟ್ಟಿದ್ದರೆ ಇನ್ನೊಂದು ಚೆನ್ನಾಗೇ ಇರಬಹುದು. ನೀರು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆರ್‌ಒ ನೀರು ಬೇಕು. ಪೇಸ್ಟ್ ಬಿಡಬೇಡಿ. ಅದು ಹಲ್ಲಿನ ಮೇಲ್ಮೈಗೆ, ನುಂಗಲು ಅಲ್ಲ. ಕಡಿಮೆ ಹಾಕಿ, ಉಗುಳುವವರೆಗೆ ಪಕ್ಕದಲ್ಲೇ ನಿಂತಿರಿ.

ಪ್ರಶ್ನೆ – ಇನ್ನೊಬ್ಬ ತಾಯಿ

ನನ್ನ ಮಗಳಿಗೆ ಒಂಬತ್ತು. ಇದೇ ಹಲ್ಲು ಪೂರ್ತಿ ಹಾಳಾಗಿದೆ, ಕೀಳಿಸಿಬಿಡಿ ಎಂದಿದ್ದಾರೆ. ಶಾಶ್ವತ ಹಲ್ಲನ್ನು ಯಾರಾದರೂ ಕೀಳುತ್ತಾರಾ?

ಉತ್ತರ

ಕೇಳಲು ಕ್ರೂರ ಅನ್ನಿಸುತ್ತದೆ, ಆದರೆ ಅದು ತಪ್ಪು ಸಲಹೆ ಆಗಿರಲೇಬೇಕೆಂದಿಲ್ಲ. ಉಳಿಸಲಾಗದ ಹಲ್ಲನ್ನು ಎಂಟರಿಂದ ಹತ್ತು ವರ್ಷದ ನಡುವೆ ತೆಗೆದರೆ, ಹಿಂದಿನಿಂದ ಬರುವ ಹನ್ನೆರಡನೇ ವರ್ಷದ ದವಡೆ ಹಲ್ಲು ಮುಂದೆ ಜರುಗಿ ಜಾಗ ತುಂಬುವ ಸಾಧ್ಯತೆ ಚೆನ್ನಾಗಿರುತ್ತದೆ. ತಡ ಮಾಡಿದರೆ, ಅದರಲ್ಲೂ ಕೆಳಗಿನ ಸಾಲಿನಲ್ಲಿ, ಸಂದಿ ಉಳಿಯುತ್ತದೆ, ಹಲ್ಲು ವಾಲುತ್ತದೆ. ರೂಟ್ ಕೆನಾಲ್ ಮಾಡೋಣ ಅಂದರೆ ಈ ವಯಸ್ಸಿಗೆ ಬೇರಿನ ತುದಿ ಪೂರ್ತಿ ಮುಚ್ಚಿರುವುದಿಲ್ಲ, ಕೆಲಸ ಕಷ್ಟ. ಇಡೀ ಬಾಯಿಯ ಎಕ್ಸ್‌ರೇ, ಅಂದರೆ ಒಪಿಜಿ ಮಾಡಿಸಿ. ಕ್ಲಿಪ್ ಹಾಕುವ ಆರ್ಥೊಡಾಂಟಿಸ್ಟ್ ಅದನ್ನು ನೋಡಿದ ಮೇಲೆ ತೀರ್ಮಾನ ಮಾಡಿ. ಎಕ್ಸ್‌ರೇ ಇಲ್ಲದೆ ಕೀಳಿಸಲು ಒಪ್ಪಬೇಡಿ.

ತುಮಕೂರಿನ ತಾಯಿ, ಎರಡು ವಾರದ ನಂತರ

ಮೇಡಂ, ಸಿಮೆಂಟ್ ಹಾಕಿದರು. ನೀವು ಹೇಳಿದ ಹಾಗೆ ಎಂಐಎಚ್ ಅಂತೆ. ಬೆಚ್ಚಗಿನ ನೀರಿನಲ್ಲಿ ಈಗ ಗಲಾಟೆ ಇಲ್ಲದೆ ಉಜ್ಜಿಸಿಕೊಳ್ಳುತ್ತಾನೆ. ಮುಂದಿನ ಹಲ್ಲಿನ ಮಚ್ಚೆಗೂ ಈಗಲೇ ಏನಾದರೂ ಮಾಡಿಸಬೇಕಾ? ಮದುವೆ ಮನೆಯಲ್ಲಿ ಎಲ್ಲರೂ ಕೇಳಿದರು.

ಉತ್ತರ

ಎಲ್ಲರೂ ಕೇಳಿದರು, ಅವನು ಕೇಳಿದನಾ? ಅವನಿಗೆ ನೋವಿಲ್ಲ, ನಾಚಿಕೆಯಿಲ್ಲ ಅಂದರೆ ಸದ್ಯಕ್ಕೆ ಬಿಡಿ. ಶಾಲೆಯಲ್ಲಿ ರೇಗಿಸುತ್ತಾರೆ, ಬಾಯಿ ಮುಚ್ಚಿ ನಗುತ್ತಾನೆ ಅಂದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ತೆಳ್ಳಗೆ ಹಚ್ಚಿ ಮುಚ್ಚಬಹುದು. ಮುಂದಿನ ಹಲ್ಲನ್ನು ಸವೆಸಿ ಕ್ಯಾಪ್ ಹಾಕುವ ವಯಸ್ಸು ಇದಲ್ಲ, ಒಳಗಿನ ನರದ ಜಾಗ ಇನ್ನೂ ದೊಡ್ಡದಿರುತ್ತದೆ. ದವಡೆಯ ಸಿಮೆಂಟ್ ಅಂಚು ಬಿಟ್ಟಿದೆಯಾ ಎಂದು ಮೂರು ತಿಂಗಳಿಗೆ ಒಮ್ಮೆ ತೋರಿಸಿ. ನಡುವೆ ಬಿದ್ದು ಹೋದರೆ ತಾರೀಖಿಗೆ ಕಾಯಬೇಡಿ, ಅದೇ ವಾರ ಹೋಗಿ.