ಅಪ್‌ಡೇಟ್: ಗ್ಯಾಸ್ಟ್ರಿಕ್ ಬೈಪಾಸ್ ನಂತರದ ಹೊಟ್ಟೆನೋವಿಗೆ ಕಾರಣ ಸಿಕ್ಕಿತು

ಗ್ಯಾಸ್ಟ್ರಿಕ್ ಬೈಪಾಸ್ (ಜಠರವನ್ನು ಚಿಕ್ಕದಾಗಿಸಿ ಕರುಳನ್ನು ಬೇರೆ ರೀತಿ ಜೋಡಿಸುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡು ತೂಕ ಇಳಿಸಿದ್ದ ನಮ್ಮ ಅಕ್ಕನಿಗೆ ಊಟವಾದ ಮೇಲೆ ಬಂದುಹೋಗುತ್ತಿದ್ದ ಹೊಟ್ಟೆನೋವಿಗೆ ಕಾರಣ ಏನಿರಬಹುದೆಂದು ಹಿಂದೆ ಇಲ್ಲಿ ಕೇಳಿದ್ದೆ. ಆಮ್ಲ ತಗ್ಗಿಸುವ ಮಾತ್ರೆಯಿಂದ ಗುಣ ಕಾಣಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲೂ ಕಾಣಿಸಲಿಲ್ಲ. ಒಳ ಹರ್ನಿಯಾ (ಹೊಟ್ಟೆಯೊಳಗಿನ ಸಂದಿಯಲ್ಲಿ ಕರುಳು ನುಸುಳುವುದು) ಇರಬಹುದು, ಸಿ.ಟಿ. ಮಾಡಿಸಿ ಎಂದವರ ಸಲಹೆಯೇ ಫಲಿಸಿತು; ಅವರಿಗೆ ವಂದನೆಗಳು.

ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ) ಮಾಡಿದಾಗ ಹೊಟ್ಟೆಯೊಳಗೆ ಹಾಲಿನಂಥ ದ್ರವ ಕಂಡಿತಂತೆ. ಕೇಳಿದ ಕೂಡಲೇ ನಾವು ಕೀವೆಂದು ಹೆದರಿದೆವು, ಆದರೆ ಅದು ಕೈಲ್, ಅಂದರೆ ಊಟದ ಕೊಬ್ಬನ್ನು ಕರುಳಿನಿಂದ ಹೊತ್ತೊಯ್ಯುವ ದುಗ್ಧರಸ. ಬೈಪಾಸ್‌ನಲ್ಲಿ ಉಳಿದ ಸಂದಿಯೊಳಗೆ ಕರುಳು ನುಸುಳಿ ತಿರುಚಿಕೊಂಡಾಗ, ಒತ್ತಡ ಕಡಿಮೆಯಿರುವ ತೆಳುಗೋಡೆಯ ದುಗ್ಧನಾಳಗಳು ಅಪಧಮನಿಗಳಿಗಿಂತ ಮೊದಲೇ ಅದುಮಿಹೋಗಿ ರಸ ಸೋರುತ್ತದೆಯಂತೆ. ಅಕ್ಕನ ಕರುಳಿಗೆ ಹಾನಿಯಾಗಿರಲಿಲ್ಲ. ಅದನ್ನು ಸ್ವಸ್ಥಾನಕ್ಕೆ ತಂದು ಸಂದಿಯನ್ನು ಹೊಲಿದರು. ಈಗ ನೋವಿಲ್ಲ, ಸದ್ಯಕ್ಕೆ ಜಿಡ್ಡು ಕಡಿಮೆಯಿರುವ ಪಥ್ಯ ನಡೆದಿದೆ.